ಹಾಲು-ಅನ್ನ ತಿನ್ನುವ ಬೆಕ್ಕು ಹಕ್ಕಿ ಯಾಕೆ ಹಿಡಿಯುತ್ತದೆ?

"ನಮ್ಮನೆ ಬೆಕ್ಕು ಹಾಲು-ಅನ್ನ ಬಿಟ್ಟು ಬೇರೇನೂ ಮುಟ್ಟಲ್ಲ ರೀ." ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಈ ಮಾತು ಕೇಳಿಸುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಕಣ್ಣಿಗೆ ಬಿದ್ದಿದ್ದು ಅಷ್ಟೇ. ಅದೇ ಮನೆಯ ತಾರಸಿ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಬಗ್ಗಿ ನೋಡಿದರೆ ಬೇರೆಯೇ ಲೆಕ್ಕ ಸಿಗುತ್ತದೆ: ಗುಬ್ಬಚ್ಚಿಯ ನಾಲ್ಕು ಕಂದು ಗರಿ, ಓತಿಕ್ಯಾತದ ಒಣಗಿದ ಬಾಲ, ಇರುವೆ ಮುತ್ತಿದ ಅಳಿಲಿನ ಒಂದು ಕಾಲು.

ಹೊಟ್ಟೆ ತುಂಬಿದ ಬೆಕ್ಕು ಬೇಟೆಗೆ ಹೋಗಲ್ಲ ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ. ಹಾಗಾಗಿ ಬೆಕ್ಕು ಹಕ್ಕಿ ಹಿಡಿದು ತಂದರೆ "ಪಾಪ, ಹಸಿದಿತ್ತೇನೋ" ಅಂತ ಇನ್ನೊಂದು ಬಟ್ಟಲು ಹಾಲು ಹಾಕುತ್ತೇವೆ. ಈ ನಂಬಿಕೆಯಲ್ಲಿ ಎರಡು ತಪ್ಪಿವೆ. ಒಂದು, ಬೆಕ್ಕಿಗೆ ಹಸಿವೇ ಬೇರೆ, ಬೇಟೆಯೇ ಬೇರೆ. ಎರಡು, ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದದ್ದು ಸಿಗುವುದು ಬೇರೆ. ನಮ್ಮ ಊರಿನ ಮಟ್ಟಿಗೆ ಎರಡನೆಯ ತಪ್ಪೇ ದೊಡ್ಡದು ಅಂತ ನನಗೆ ಅನಿಸುತ್ತದೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಹಸಿವಿನ ಲೆಕ್ಕ. ಒಂದು ಸಣ್ಣ ಇಲಿಯಲ್ಲಿ ಸುಮಾರು 30 ಕಿಲೋ ಕ್ಯಾಲೊರಿ ಇರುತ್ತದೆ. ಮೂರು-ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ 200ರಿಂದ 250 ಬೇಕು. ಅಂದರೆ ಬೇಟೆಯನ್ನೇ ನಂಬಿ ಬದುಕುವ ಬೆಕ್ಕು ದಿನಕ್ಕೆ ಏಳೆಂಟು ಇಲಿ ಹಿಡಿಯಬೇಕು. ಎಗರಿದಾಗಲೆಲ್ಲ ಬೇಟೆ ಸಿಗುವುದಿಲ್ಲ, ಸುಮಾರು ಸಲ ತಪ್ಪಿಸಿಕೊಂಡು ಹೋಗುತ್ತದೆ. ಹಸಿವಾದ ಮೇಲೆ ನೋಡಿಕೊಳ್ಳೋಣ ಅಂತ ಕೂತರೆ ಉಪವಾಸವೇ ಗತಿ. ಆದ್ದರಿಂದ ಎದುರಿಗೆ ಏನಾದರೂ ಸರಿದಾಡಿದರೆ ಸಾಕು, ಹೊಟ್ಟೆಯನ್ನು ಕೇಳದೆ ಕಾಲು ಮುಂದಕ್ಕೆ ಹೋಗುತ್ತದೆ. ಬೆಕ್ಕಿನ ಮೆದುಳು ಹಾಗೆ ರೂಪುಗೊಂಡಿದೆ.

1976ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಷ್ಟದ ಊಟ ತಿನ್ನುತ್ತಿದ್ದ ಬೆಕ್ಕುಗಳ ಎದುರಿಗೆ ಇಲಿ ಬಿಟ್ಟು ನೋಡಿದರು. ಬೆಕ್ಕುಗಳು ತಟ್ಟೆ ಬಿಟ್ಟು ಎದ್ದವು, ಇಲಿಯನ್ನು ಕೊಂದವು, ಮತ್ತೆ ಬಂದು ತಟ್ಟೆಯಲ್ಲಿದ್ದದ್ದನ್ನೇ ತಿಂದವು. ಹಸಿದ ಬೆಕ್ಕಿಗೆ ಬೇಟೆಯ ಹುರುಪು ಜಾಸ್ತಿ, ಅದು ನಿಜ. ಆದರೆ ಉಂಡ ಬೆಕ್ಕಿಗೆ ಹುರುಪೇ ಇರುವುದಿಲ್ಲ ಅನ್ನುವ ಹಾಗಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತೀವಲ್ಲ, ಆ ಚೆಲ್ಲಾಟಕ್ಕೂ ಕಾರಣ ಇದೆ. ಬೆಕ್ಕು ಕೊಲ್ಲುವುದು ಕತ್ತಿನ ಹಿಂಭಾಗಕ್ಕೆ ಬಾಯಿ ಹಾಕಿ, ಕೋರೆಹಲ್ಲನ್ನು ಎರಡು ಮೂಳೆಗಳ ನಡುವೆ ಇಳಿಸಿ. ಅದಕ್ಕೆ ಮುಖವನ್ನು ತೀರಾ ಹತ್ತಿರ ಒಯ್ಯಬೇಕು. ಇಲಿ ತಿರುಗಿ ಕಚ್ಚಿದರೆ ಮೂಗು, ತುಟಿ, ಕಣ್ಣು ಹೋಗಬಹುದು. ಅದಕ್ಕೇ ಮೊದಲು ಕೈಯಲ್ಲಿ ತಟ್ಟಿ, ಎಸೆದು, ಬಿಟ್ಟು, ಮತ್ತೆ ಹಿಡಿದು ಸುಸ್ತು ಮಾಡುತ್ತದೆ. ನಮಗೆ ಕ್ರೂರ ಆಟದಂತೆ ಕಾಣುವುದರಲ್ಲಿ ಅರ್ಧ ಹೆದರಿಕೆಯೇ ಇದೆ.

ಬೇಟೆಯನ್ನು ಹತ್ತಿರದಿಂದ ನೋಡಬೇಕು ಅಂದರೆ ಬೆಳಗ್ಗೆ ಆರರ ಹೊತ್ತಿಗೆ ಕಾಂಪೌಂಡ್ ಗೋಡೆಯ ಮೇಲೆ ಕೂತ ಬೆಕ್ಕನ್ನು ನೋಡಿ. ಕೆಳಗೆ ದಾಸವಾಳದ ಬುಡದಲ್ಲಿ ಗುಬ್ಬಚ್ಚಿಗಳು ಮಣ್ಣು ಕೆದರುತ್ತಿರುತ್ತವೆ. ಮೊದಲು ಕಿವಿ ತಿರುಗುತ್ತದೆ, ಆಮೇಲೆ ಕಣ್ಣು. ನಮ್ಮ ಕಿವಿಗೆ ಕೇಳುವುದು 20 ಸಾವಿರ ಹರ್ಟ್ಸ್‌ವರೆಗೆ. ಬೆಕ್ಕಿನ ಕಿವಿ 60 ಸಾವಿರ ದಾಟುತ್ತದೆ. ಇಲಿಮರಿಗಳು ತಮ್ಮಲ್ಲೇ ಆಡುವ, ನಮಗೆ ಕೇಳದ ಕೀಚಲು ದನಿಯೂ ಅದಕ್ಕೆ ಕೇಳುತ್ತದೆ. ಆಮೇಲೆ ಹೊಟ್ಟೆ ಗೋಡೆಗೆ ಅಂಟುತ್ತದೆ. ಭುಜದ ಎರಡು ಮೂಳೆ ಮಾತ್ರ ಬೆನ್ನಿಗಿಂತ ಮೇಲೆ ಎದ್ದು ಒಂದಾದ ಮೇಲೊಂದು ಸರಿಯುತ್ತವೆ. ತಲೆ ಮಾತ್ರ ಚೂರೂ ಅಲುಗುವುದಿಲ್ಲ. ಬಾಲದ ತುದಿ ಒಂದೇ ಒಂದು ಸಲ ಮಿಸುಕುತ್ತದೆ. ಕೊನೆಗೆ ಹಿಂಭಾಗ ಅತ್ತಿತ್ತ ಅಲ್ಲಾಡುತ್ತದೆ. ಅದಾದ ಮೇಲೆ ನಡೆಯುವುದು ಕಣ್ಣಿಗೆ ಸಿಗುವುದಿಲ್ಲ.

ಕಣ್ಣಿನ ಸೀಳು ಉದ್ದಕ್ಕೆ ಇರುವುದೂ ಇದಕ್ಕೇ. 2015ರಲ್ಲಿ 214 ಜಾತಿಯ ಪ್ರಾಣಿಗಳ ಕಣ್ಣುಗಳನ್ನು ಹೋಲಿಸಿದ ಅಧ್ಯಯನ, ನೆಲಕ್ಕೆ ಹತ್ತಿರ ಹೊಂಚು ಹಾಕುವ ಸಣ್ಣ ಬೇಟೆಗಾರರಲ್ಲಿ ಇಂಥ ಉದ್ದ ಸೀಳಿನ ಕಣ್ಣು ಜಾಸ್ತಿ ಅಂತ ತೋರಿಸಿತು. ದೂರವನ್ನು ಅಳೆಯಲು ಅದು ಅನುಕೂಲ. ಮೂತಿಯ ಹತ್ತಿರ ಬಂದದ್ದು ಬೆಕ್ಕಿಗೆ ಸರಿಯಾಗಿ ಕಾಣುವುದಿಲ್ಲ. ಆಗ ಮೀಸೆ ಮುಂದಕ್ಕೆ ಚಾಚಿ ಕಣ್ಣಿನ ಕೆಲಸ ಮಾಡುತ್ತದೆ.

ಈಗ ಹಾಲು-ಅನ್ನಕ್ಕೆ ಬರೋಣ. ಮಾಂಸ ಹೊಸ್ತಿಲು ದಾಟದ ಮನೆಗಳು ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಬಹಳ. ಅಂಥ ಮನೆಗಳಲ್ಲೇ ಬೆಕ್ಕನ್ನು ಬಲು ಅಕ್ಕರೆಯಿಂದ ಸಾಕುತ್ತಾರೆ. ಹಾಲು, ಅನ್ನ, ಮೊಸರನ್ನ, ರೊಟ್ಟಿ ಚೂರು, ಒಮ್ಮೊಮ್ಮೆ ಬೆಣ್ಣೆ. ಬೆಣ್ಣೆ ದೋಸೆಯ ಊರಲ್ಲಿ ಬೆಕ್ಕಿಗೆ ಬೆಣ್ಣೆಯ ಬರ ಇಲ್ಲ ಬಿಡಿ. ಮನೆಯವರು ತಾವು ತಿನ್ನುವುದನ್ನೇ ಬೆಕ್ಕಿಗೂ ಇಡುತ್ತಾರೆ. ಅದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ಆದರೆ ನಾಯಿ ಇದರಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತದೆ, ಬೆಕ್ಕಿನ ಕೈಲಿ ಆಗುವುದಿಲ್ಲ.

ಕಾರಣ ಟೌರಿನ್ ಎಂಬ ವಸ್ತು. ಕಣ್ಣಿಗೆ, ಹೃದಯಕ್ಕೆ, ಪಿತ್ತರಸ ತಯಾರಾಗುವುದಕ್ಕೆ ಇದು ಬೇಕು. ಮನುಷ್ಯ, ನಾಯಿ, ದನ ಇದನ್ನು ಮೈಯಲ್ಲೇ ಸಾಕಷ್ಟು ತಯಾರಿಸಿಕೊಳ್ಳುತ್ತವೆ. ಬೆಕ್ಕು ತಯಾರಿಸುವುದು ತೀರಾ ಕಡಿಮೆ. ಸಾಲದ್ದಕ್ಕೆ ಪಿತ್ತರಸದ ಮೂಲಕ ದಿನಾ ಕಳೆದುಕೊಳ್ಳುತ್ತಲೂ ಇರುತ್ತದೆ. ಟೌರಿನ್ ಸಿಗುವುದು ಮಾಂಸದಲ್ಲಿ, ಮೀನಿನಲ್ಲಿ. ಅನ್ನದಲ್ಲಿ ಅದು ಇಲ್ಲ. ಹಸುವಿನ ಹಾಲಿನಲ್ಲಿ ಇರುವುದು ಯಾವ ಮೂಲೆಗೂ ಸಾಲದು. ಟೌರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಪರದೆ ಹಾಳಾಗುತ್ತದೆ ಅಂತ 1975ರಲ್ಲೇ ಗೊತ್ತಾಯಿತು. ಹೃದಯದ ಸ್ನಾಯು ಸಡಿಲವಾಗಿ ಬೆಕ್ಕು ಸಾಯುವುದಕ್ಕೂ ಇದೇ ಕಾರಣ ಅಂತ 1987ರಲ್ಲಿ ತಿಳಿಯಿತು. ಆಮೇಲೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರಕ್ಕೆ ಟೌರಿನ್ ಸೇರಿಸುವುದು ಮಾಮೂಲಾಯಿತು.

ಕೊರತೆ ಟೌರಿನ್‌ನದ್ದು ಮಾತ್ರ ಅಲ್ಲ. ಕ್ಯಾರೆಟ್, ಸೊಪ್ಪಿನಲ್ಲಿರುವುದನ್ನು ನಮ್ಮ ಮೈ ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಅದು ಬರುವುದಿಲ್ಲ, ಪ್ರಾಣಿಯಿಂದಲೇ ನೇರವಾಗಿ ಸಿಗಬೇಕು. ಪ್ರೋಟೀನೂ ನಮಗಿಂತ ಬಹಳ ಜಾಸ್ತಿ ಬೇಕು. ಇನ್ನು ಹಾಲು. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದೇ ಇಲ್ಲ. ಬೆಕ್ಕಿಗೆ ಹೊಟ್ಟೆ ಕೆಟ್ಟಿದೆ ಅಂತ ಪಶು ಆಸ್ಪತ್ರೆಗೆ ಒಯ್ದರೆ ಡಾಕ್ಟರು ಮೊದಲು ನಿಲ್ಲಿಸಿ ಅನ್ನುವುದು ಹಾಲನ್ನೇ.

ಹಾಗಾದರೆ ಹಾಲು-ಅನ್ನದ ಬೆಕ್ಕುಗಳೆಲ್ಲ ಕುರುಡಾಗಿ, ಎದೆಬೇನೆಯಿಂದ ಸಾಯಬೇಕಿತ್ತಲ್ಲ? ಯಾಕೆ ಸಾಯುವುದಿಲ್ಲ? ಮನೆಯವರು ಕೊಡದ್ದನ್ನು ಅವು ಹೊರಗೆ ಹುಡುಕಿಕೊಳ್ಳುತ್ತವೆ, ಅದಕ್ಕೇ. ಹಲ್ಲಿ, ಇಲಿ, ಓತಿಕ್ಯಾತ, ಅಳಿಲಿನ ಮರಿ, ಗುಬ್ಬಚ್ಚಿ. ನಮ್ಮ ಸಸ್ಯಾಹಾರಿ ಬೆಕ್ಕಿನ ಮಾಂಸದ ಪಾಲನ್ನು ಬೀದಿಯ ಸಣ್ಣ ಜೀವಿಗಳು ಕೊಡುತ್ತಿವೆ.

ಇದು ಸುಮ್ನೆ ಊಹೆ ಅಂತ ಪಕ್ಕಕ್ಕೆ ಇಡುವ ಹಾಗಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಎಲ್ಲವೂ ಬೇಟೆಯಾಡಿ ಮನೆಗೆ ತರುವ ಚಾಳಿಯ ಬೆಕ್ಕುಗಳೇ. ಒಂದು ಗುಂಪಿಗೆ ಧಾನ್ಯ ಇಲ್ಲದ, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟರು. ಅವು ಮನೆಗೆ ತರುವ ಬೇಟೆ 36% ಇಳಿಯಿತು. ಹಿಂದೆ ತಿನ್ನುತ್ತಿದ್ದದ್ದೂ ಅಂಗಡಿಯ ಆಹಾರವೇ. ಅದರಲ್ಲಿ ಪ್ರೋಟೀನಿನ ಒಂದು ಪಾಲು ಸೋಯಾದಂಥ ಗಿಡಮೂಲದಿಂದ ಬಂದದ್ದು ಇರುತ್ತದೆ. ಅಷ್ಟು ವ್ಯತ್ಯಾಸಕ್ಕೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಟೆ ಕಡಿಮೆಯಾಗುವುದಾದರೆ, ಬರೀ ಹಾಲು-ಅನ್ನದಲ್ಲಿರುವ ನಮ್ಮ ಬೆಕ್ಕುಗಳಿಗೆ ಸರಿಯಾದ ಆಹಾರ ಸಿಕ್ಕರೆ ಇನ್ನೂ ಹೆಚ್ಚು ಫಲ ಸಿಗಬಹುದು ಅಂತ ನನಗೆ ಅನಿಸುತ್ತದೆ.

ಮನೆಯಲ್ಲಿ ಮಾಂಸ ಬೇಯಿಸಲು ಆಗದವರಿಗೂ ದಾರಿ ಇದೆ. ಪ್ಯಾಕೆಟಿನಲ್ಲಿ ಬರುವ ಒಣ ಕಾಳಿನ ಆಹಾರ ಈಗ ದಾವಣಗೆರೆಯ ಮೆಡಿಕಲ್ ಶಾಪುಗಳಲ್ಲೂ ಸಿಗುತ್ತದೆ. ಪ್ಯಾಕೆಟಿನ ಮೇಲೆ 'ಕಂಪ್ಲೀಟ್' ಅಂತ ಬರೆದಿದೆಯಾ, ಪದಾರ್ಥಗಳ ಪಟ್ಟಿಯಲ್ಲಿ ಟೌರಿನ್ ಇದೆಯಾ, ಮೊದಲ ಹೆಸರು ಮಾಂಸದ್ದೋ ಮೀನಿನದ್ದೋ ಅಥವಾ ಮೆಕ್ಕೆಜೋಳದ್ದೋ ನೋಡಿ. ನಾಯಿಯ ಕಾಳು ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಬೆಕ್ಕಿಗೆ ಸಾಲುವಷ್ಟು ಟೌರಿನ್ ಇರಲೇಬೇಕೆಂದಿಲ್ಲ. ಹಣದ ಮಾತು ಬಂದರೆ, ಹೌದು, ಹಾಲು-ಅನ್ನಕ್ಕಿಂತ ಜಾಸ್ತಿ ಖರ್ಚು. ಬೆಕ್ಕು ಪುಕ್ಕಟೆ ಪ್ರಾಣಿ ಅನ್ನುವ ನಮ್ಮ ಲೆಕ್ಕದಲ್ಲಿ ಬಾಕಿ ಖರ್ಚನ್ನು ಬೀದಿಯ ಗುಬ್ಬಚ್ಚಿ ಕಟ್ಟುತ್ತಿತ್ತು, ಅಷ್ಟೇ.

"ನಮ್ಮ ಬೆಕ್ಕು ಹಕ್ಕಿ ತಂದಿದ್ದನ್ನು ನಾನು ನೋಡೇ ಇಲ್ಲ" ಅನ್ನುವವರಿಗೆ ಇನ್ನೊಂದು ಅಧ್ಯಯನ ಹೇಳಬೇಕು. ಅಮೆರಿಕದ ಜಾರ್ಜಿಯಾದಲ್ಲಿ ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಬಿಟ್ಟರು. ಅರ್ಧಕ್ಕೆ ಸ್ವಲ್ಪ ಕಡಿಮೆ ಬೆಕ್ಕುಗಳು ಬೇಟೆಯಾಡಿದವು. ಹಿಡಿದದ್ದರಲ್ಲಿ ಮನೆಗೆ ತಂದದ್ದು 23% ಮಾತ್ರ. ಹೆಚ್ಚುಕಮ್ಮಿ ಅರ್ಧದಷ್ಟನ್ನು ಹಿಡಿದ ಜಾಗದಲ್ಲೇ ಬಿಟ್ಟು ಹೋದವು. ಉಳಿದದ್ದನ್ನು ಅಲ್ಲೇ ತಿಂದವು. ಅಂದರೆ ಬಾಗಿಲಲ್ಲಿ ಒಂದು ಸತ್ತ ಜೀವ ಕಂಡರೆ ಕಾಣದ್ದು ಮೂರು ಇವೆ ಅಂತ ಲೆಕ್ಕ. ಅಲ್ಲಿ ಅತಿ ಹೆಚ್ಚು ಸಿಕ್ಕಿಬಿದ್ದದ್ದು ಹಕ್ಕಿ ಅಲ್ಲ, ಇಲಿಯೂ ಅಲ್ಲ, ಒಂದು ಜಾತಿಯ ಪುಟ್ಟ ಹಸಿರು ಹಲ್ಲಿ.

ನಮ್ಮಲ್ಲೂ ಹಲ್ಲಿ, ಓತಿಕ್ಯಾತದ ಕಡೆ ಯಾರೂ ಗಮನ ಕೊಡುವುದಿಲ್ಲ. ಹಕ್ಕಿ ಸತ್ತರೆ ಅಯ್ಯೋ ಅನ್ನುತ್ತೇವೆ, ಓತಿಕ್ಯಾತ ಸತ್ತರೆ ಪೊರಕೆ ತರುತ್ತೇವೆ. ಇನ್ನೊಂದು ಪಾಪದ ಜೀವ ಸೊಂಡಿಲಿ. ಉದ್ದ ಮೂತಿ, ಸಣ್ಣ ಕಣ್ಣು, ಗೋಡೆ ಅಂಚಿನಲ್ಲೇ ಕೀಚ್ ಕೀಚ್ ಅಂತ ಓಡುತ್ತದಲ್ಲ, ಅದು. ಹೆಸರಿನಲ್ಲಿ ಇಲಿ ಇದ್ದರೂ ಇಲಿಯ ಜಾತಿ ಅಲ್ಲ. ಕಾಳು ಮುಟ್ಟುವುದಿಲ್ಲ, ಜಿರಳೆ, ಹುಳ ತಿಂದು ಬದುಕುತ್ತದೆ. ಮೈಯಿಂದ ಘಾಟು ವಾಸನೆ ಬರುತ್ತದೆ. ಬೆಕ್ಕು ಅದನ್ನು ಕೊಲ್ಲುತ್ತದೆ, ವಾಸನೆ ತಾಳದೆ ಅಲ್ಲೇ ಬಿಟ್ಟು ಹೋಗುತ್ತದೆ. ಬೆಳಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಇಡಿಯಾಗಿ ಬಿದ್ದಿರುವ 'ಇಲಿ' ಬಹಳ ಸಲ ಇದೇ. ನಾವು ಬೆಕ್ಕನ್ನು ಹೊಗಳಿ, ಜಿರಳೆ ತಿನ್ನುವವನನ್ನು ಎತ್ತಿ ಎಸೆಯುತ್ತೇವೆ.

ಇಲಿಯ ಮಾತಿಗೆ ಬಂದೆವಲ್ಲ, ಸ್ವಲ್ಪ ಅಲ್ಲೇ ನಿಲ್ಲೋಣ. ದಾವಣಗೆರೆ ಮಂಡಕ್ಕಿಯ ಊರು. ಮಂಡಕ್ಕಿ ಭಟ್ಟಿಗಳು, ಅಕ್ಕಿ ಗಿರಣಿಗಳು, ಮೆಕ್ಕೆಜೋಳದ ಗೋದಾಮುಗಳು, ಎಪಿಎಂಸಿ. ಇಷ್ಟೆಲ್ಲ ಇದ್ದ ಮೇಲೆ ಇಲಿ ಇರದೆ ಇರುತ್ತದೆಯೇ? ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಕಣಜದ ದಾರಿಯಿಂದ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ಬೇಸಾಯ ಕಲಿತು ಕಾಳು ಕೂಡಿಡತೊಡಗಿದರು. ಕಾಳಿಗೆ ಇಲಿ ಬಂತು, ಇಲಿಗೆ ಅಲ್ಲಿನ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಅಸ್ಥಿ ಸಿಕ್ಕಿದೆ, 9,500 ವರ್ಷ ಹಳೆಯದು. ಹಾಗಾಗಿ ಭಟ್ಟಿಯಲ್ಲಿ ಬೆಕ್ಕು ಇಟ್ಟುಕೊಳ್ಳುವವರ ಲೆಕ್ಕ ಮೂಲದಲ್ಲಿ ತಪ್ಪಲ್ಲ. ಸಣ್ಣ ಇಲಿಯ ಮಟ್ಟಿಗೆ ಬೆಕ್ಕು ಒಳ್ಳೆಯ ಕೆಲಸಗಾರನೇ.

ಹೆಗ್ಗಣದ ಮಾತು ಬೇರೆ. ದೊಡ್ಡ ಹೆಗ್ಗಣ ಒಂದು ಕಿಲೋ ತೂಗುವುದುಂಟು, ಹಲ್ಲೂ ಜೋರು. ಮೂರು ಕಿಲೋದ ಬೆಕ್ಕು ಅದರ ತಂಟೆಗೆ ಯಾಕೆ ಹೋಗುತ್ತದೆ, ಪಕ್ಕದ ಗಿಡದಲ್ಲಿ 25 ಗ್ರಾಮಿನ ಗುಬ್ಬಚ್ಚಿ ಇರುವಾಗ? ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕಸ ಸಂಸ್ಕರಣಾ ಘಟಕವೊಂದರಲ್ಲಿ ದೊಡ್ಡ ಇಲಿಗಳ ಮತ್ತು ಬೀದಿಬೆಕ್ಕುಗಳ ಮೇಲೆ 79 ದಿನ ಕ್ಯಾಮೆರಾ ಇಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. ಬೆಕ್ಕುಗಳು ಹೊಂಚು ಹಾಕಿದ್ದು 20 ಸಲ, ಕೊಂದದ್ದು ಎರಡೇ ಎರಡು. ಆದರೆ ಬೆಕ್ಕು ಓಡಾಡಿದ ದಿನ ಇಲಿಗಳು ಹೊರಗೆ ಕಾಣಿಸುವುದು ಕಡಿಮೆಯಾಯಿತು. ಅವು ಸಾಯಲಿಲ್ಲ, ಬಿಲದಲ್ಲೇ ಕೂತವು. ನಾವು "ಬೆಕ್ಕು ಬಂದ ಮೇಲೆ ಹೆಗ್ಗಣದ ಕಾಟ ನಿಂತಿತು" ಅನ್ನುವುದರ ಹಿಂದೆ ಇದೂ ಇರಬಹುದು. ಹೆಗ್ಗಣಕ್ಕೆ ಮದ್ದು ಚರಂಡಿಗೆ ಜಾಲರಿ, ಬಾಗಿಲ ಅಡಿಗೆ ತಗಡು, ಬೀದಿಯಲ್ಲಿ ಬೀಳದ ಕಸ. ಗದ್ದೆ-ಹೊಲದ ಕಡೆ ಕೇರೆ ಹಾವು ಮತ್ತು ಕಣಜ ಗೂಬೆ. ಆ ಎರಡನ್ನೂ ಕಂಡಲ್ಲಿ ಓಡಿಸಿ, ಬೆಕ್ಕಿಗೆ ಕೆಲಸ ಹಚ್ಚುತ್ತೇವೆ!

ಸರಿ, ಗಿಡುಗವೂ ಹಕ್ಕಿ ಹಿಡಿಯುತ್ತದೆ, ಮುಂಗುಸಿಯೂ ಮೊಟ್ಟೆ ಕದಿಯುತ್ತದೆ. ಬೆಕ್ಕನ್ನು ಮಾತ್ರ ಯಾಕೆ ಹಿಡಿದುಕೊಂಡಿರಿ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಸಂಖ್ಯೆಯಲ್ಲಿದೆ. ಬೀದಿಯಲ್ಲಿ ಗುಬ್ಬಚ್ಚಿ, ಓತಿಕ್ಯಾತ ಕಡಿಮೆಯಾದರೆ ಶಿಕ್ರಾ ಗಿಡುಗಕ್ಕೆ ಹೊಟ್ಟೆಗೆ ಸಾಲದು. ಅದು ಮರಿ ಮಾಡುವುದು ಕಡಿಮೆಯಾಗುತ್ತದೆ, ಇಲ್ಲ ಬೇರೆ ಕಡೆ ಹೋಗುತ್ತದೆ. ಅಷ್ಟರಲ್ಲಿ ಹಕ್ಕಿಗಳು ಚೇತರಿಸಿಕೊಳ್ಳುತ್ತವೆ. ಬೆಕ್ಕಿಗೆ ಈ ಕಡಿವಾಣ ಇಲ್ಲ. ಹಕ್ಕಿ ಇರಲಿ ಬಿಡಲಿ, ಸಂಜೆ ಬಟ್ಟಲಿನಲ್ಲಿ ಅನ್ನ ಇರುತ್ತದೆ. ಬೀದಿಯ ಕೊನೆಯ ಓತಿಕ್ಯಾತ ಮುಗಿಯುವ ತನಕವೂ ಬೆಕ್ಕುಗಳ ಸಂಖ್ಯೆ ಇಳಿಯುವುದಿಲ್ಲ.

ಜೊತೆಗೆ ಅವು ದೂರ ಹೋಗುವುದಿಲ್ಲ. ಹಲವು ದೇಶಗಳಲ್ಲಿ 900ಕ್ಕೂ ಹೆಚ್ಚು ಸಾಕುಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನೋಡಿದ 2020ರ ಅಧ್ಯಯನದಲ್ಲಿ, ಬಹುತೇಕ ಬೆಕ್ಕುಗಳು ಮನೆಯಿಂದ 100 ಮೀಟರ್ ಆಸುಪಾಸಿನಲ್ಲೇ ಸುತ್ತುತ್ತಿದ್ದವು. ಅಷ್ಟು ಸಣ್ಣ ಜಾಗದಲ್ಲಿ ಅವುಗಳ ಬೇಟೆಯ ಹೊರೆ ಕಾಡಿನ ಬೇಟೆಗಾರ ಪ್ರಾಣಿಗಳಿಗಿಂತ ಹಲವು ಪಟ್ಟು ಜಾಸ್ತಿ ಬಿತ್ತು. ಎಂಸಿಸಿ ಬಿ ಬ್ಲಾಕಿನಲ್ಲೋ ವಿದ್ಯಾನಗರದಲ್ಲೋ 100 ಮೀಟರ್ ಅಂದರೆ ಎಷ್ಟು? ಎರಡು ಕ್ರಾಸು, ಒಂದು ಪಾರ್ಕಿನ ಮೂಲೆ, ಪಾರ್ಥೇನಿಯಂ ಬೆಳೆದ ಒಂದು ಖಾಲಿ ಸೈಟು. ಆ ಸೈಟಿನಲ್ಲೇ ದರ್ಜಿ ಹಕ್ಕಿ ಎಲೆ ಹೊಲಿದು ಗೂಡು ಕಟ್ಟುತ್ತದೆ. ಅಕ್ಕಪಕ್ಕದ ಮನೆಯ ವರಾಂಡದ ತಂತಿಗೆ ಸೂರಕ್ಕಿ ಗೂಡು ನೇತುಹಾಕುತ್ತದೆ. ಪಿಕಳಾರವಂತೂ ಕೈಗೆಟುಕುವ ಕ್ರೋಟನ್ ಗಿಡದಲ್ಲೇ ಮೊಟ್ಟೆ ಇಡುತ್ತದೆ. ಅದರ ಮರಿಗಳು ಹೆಚ್ಚುಕಮ್ಮಿ ಎರಡು ವಾರಕ್ಕೇ ಗೂಡಿನಿಂದ ಹೊರಬೀಳುತ್ತವೆ, ಹಾರಲು ಸರಿಯಾಗಿ ಬರುವ ಮುಂಚೆಯೇ. ಒಂದೆರಡು ದಿನ ನೆಲದಲ್ಲಿ, ಪೊದೆಯಲ್ಲಿ ಕುಪ್ಪಳಿಸುತ್ತ ತಾಯಿಯನ್ನು ಕೂಗುತ್ತಿರುತ್ತವೆ. ಬೆಕ್ಕಿನ ಕಿವಿಯ ವಿಷಯ ಆಗಲೇ ಹೇಳಿದೆನಲ್ಲ.

ಹೊರದೇಶದ ದೊಡ್ಡ ಅಂಕಿಗಳನ್ನು ನೀವು ಕೇಳಿರಬಹುದು. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿ ಕೊಲ್ಲುತ್ತವೆ ಅಂತ 2013ರ ಅಂದಾಜು. ಅದರಲ್ಲಿ ಹೆಚ್ಚಿನ ಪಾಲು ಯಾರ ಮನೆಗೂ ಸೇರದ ಬೆಕ್ಕುಗಳದ್ದು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಶುರುವಾಯಿತು, ಜನರ ಜೊತೆ ಬೆಕ್ಕು ಬಂತು, ಹಾರಲಾರದ ಒಂದು ಪುಟ್ಟ ಹಕ್ಕಿಯ ಜಾತಿಯೇ ಕೆಲವೇ ವರ್ಷದಲ್ಲಿ ಅಳಿದುಹೋಯಿತು. ಈ ಕಥೆಯನ್ನು ದಾವಣಗೆರೆಗೆ ಹಾಗೇ ಹೊಂದಿಸಬಾರದು. ನಮ್ಮದು ದ್ವೀಪ ಅಲ್ಲ. ನಮ್ಮ ಹಕ್ಕಿಗಳು ಕಾಡುಬೆಕ್ಕು, ಮುಂಗುಸಿ, ಪುನುಗಿನ ಜೊತೆ ಲಕ್ಷಾಂತರ ವರ್ಷ ಬದುಕಿವೆ, ಹೊಂಚು ಅಂದರೆ ಏನು ಅಂತ ಗೊತ್ತಿದೆ. ಗುಬ್ಬಚ್ಚಿ ಕಡಿಮೆಯಾಗಿದ್ದಕ್ಕೆ ಬೆಕ್ಕೊಂದನ್ನೇ ಹೊಣೆ ಮಾಡುವುದೂ ಸರಿಯಲ್ಲ. ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಗೂಡಿಗೆ ಸಂದು ಉಳಿಯಲಿಲ್ಲ, ಮರಿಗೆ ಹುಳ ಸಿಗುವ ಹಿತ್ತಲು ಉಳಿಯಲಿಲ್ಲ. ಆದರೆ ಹಾಗೆ ಮೊದಲೇ ಸೊರಗಿದ ಜೀವಕ್ಕೆ ಬೆಕ್ಕಿನ ಏಟು ಜೋರಾಗಿಯೇ ಬೀಳುತ್ತದೆ. ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ ಅಂತ ಫೋಟೊ ಹಂಚಿ, ರಟ್ಟಿನ ಗೂಡನ್ನು ತಂದು ಬೆಕ್ಕು ಆರಾಮಾಗಿ ಕೂರುವ ಮೀಟರ್ ಬೋರ್ಡಿನ ಪಕ್ಕಕ್ಕೇ ನೇತುಹಾಕುವವರನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಊರಾಚೆಯ ಸಂಗತಿ ಚುಟುಕಾಗಿ ಹೇಳಿಬಿಡುತ್ತೇನೆ. ಚಿತ್ರದುರ್ಗದ ಜೋಗಿಮಟ್ಟಿಯ ಅಂಚಿನ ಮನೆಗಳು, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದ ಸುತ್ತಲಿನ ಹಳ್ಳಿಗಳು, ಚಳ್ಳಕೆರೆ ಕಡೆಯ ಕಾವಲುಗಳು. ಅಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ನೆಲಗುಬ್ಬಿ, ಟಿಟ್ಟಿಭಗಳಿಗೆ ಬೆಕ್ಕಿಗಿಂತ ಬೀದಿನಾಯಿಯ ಕಾಟ ದೊಡ್ಡದು ಅಂತ ನನ್ನ ಅಂದಾಜು. ಬೆಕ್ಕಿನಿಂದ ಅಲ್ಲಿ ಇನ್ನೊಂದು ಅಪಾಯ ಇದೆ, ರೋಗ. ಲಸಿಕೆ ಹಾಕಿಸದ ಸಾಕುಬೆಕ್ಕಿಗೆ ಬರುವ ವಾಂತಿ-ಭೇದಿಯ ವೈರಸ್ ಕಾಡಿನ ಬೆಕ್ಕಿನ ಜಾತಿಗಳಿಗೂ ತಗಲುತ್ತದೆ.

ಬೀದಿಬೆಕ್ಕುಗಳು ಎಲ್ಲಿಂದ ಬರುತ್ತವೆ? ನಮ್ಮ ಮನೆಗಳಿಂದಲೇ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಒಂದು ಸಲಕ್ಕೆ ಮೂರೋ ನಾಲ್ಕೋ, ವರ್ಷಕ್ಕೆ ಎರಡು-ಮೂರು ಸಲ. ತಾಯಿ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತ ಮಾತಿದೆ. ಮನೆಯವರೋ ಅವನ್ನು ಎಂಟನೆಯ ಕಡೆಗೆ ಸಾಗಿಸುತ್ತಾರೆ. ಗೋಣಿಚೀಲಕ್ಕೆ ಹಾಕಿ, ಬೈಕಿನಲ್ಲಿ ಒಯ್ದು, ಮಾರ್ಕೆಟ್ಟಿನ ಹತ್ತಿರವೋ ಊರಾಚೆಯ ಗುಡಿಯ ಹತ್ತಿರವೋ ಬಿಟ್ಟು ಬರುವುದು. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕು ಅಂತ ಹೆದರುವ ನಾವು, ಕಣ್ಣು ಬಿಟ್ಟು ಎರಡು ವಾರ ಆಗದ ಮರಿಯನ್ನು ಬಿಸಿಲಲ್ಲಿ ಬಿಟ್ಟು ಬರಲು ಹೆದರುವುದಿಲ್ಲ. ಹಸಿವು-ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಬದುಕುಳಿದ ಮರಿಗೆ ಬಟ್ಟಲು ಅನ್ನ ಇಡುವವರೂ ಇಲ್ಲ, ಪೂರ್ತಿ ಬೇಟೆಯೇ ಆಧಾರ.

ಇದಕ್ಕೆ ಇರುವುದು ಒಂದೇ ದಾರಿ, ಮರಿಯಾಗದಂತೆ ಮಾಡಿಸುವ ಆಪರೇಷನ್. ಅದರಿಂದ ಬೆಕ್ಕಿನ ಬೇಟೆಯ ಚಾಳಿ ಹೋಗುವುದಿಲ್ಲ, ಆದರೆ ಮುಂದಿನ ಹತ್ತು ಬೇಟೆಗಾರರು ಹುಟ್ಟುವುದಿಲ್ಲ. ತೊಡಕು ಏನೆಂದರೆ, ನಮ್ಮ ಓಣಿಗಳಲ್ಲಿ ಒಂದೇ ಬೆಕ್ಕು ಮೂರು ಮನೆಯಲ್ಲಿ ಉಣ್ಣುತ್ತದೆ. ಒಂದು ಮನೆಯಲ್ಲಿ ಚಿನ್ನಿ, ಇನ್ನೊಂದರಲ್ಲಿ ಪುಟ್ಟಿ, ಮೂರನೆಯದರಲ್ಲಿ ಬರೀ ಪುಸ್ ಪುಸ್. ಆಪರೇಷನ್ ಖರ್ಚಿನ ಮಾತು ಬಂದಾಗ ಮೂರೂ ಮನೆಯವರು "ಅದು ನಮ್ಮದಲ್ಲ ರೀ" ಅನ್ನುತ್ತಾರೆ. ಮೂರು ಮನೆ ಸೇರಿ ಹಂಚಿಕೊಂಡರೆ ಹಬ್ಬದ ಪಟಾಕಿಗಿಂತ ಹೆಚ್ಚೇನೂ ಆಗಲಿಕ್ಕಿಲ್ಲ.

ಇನ್ನು ಗಂಟೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವುದು ಇಲಿಗಳ ಸಮಸ್ಯೆ, ನಮ್ಮದಲ್ಲ. ಕಟ್ಟಿದರೆ ಪ್ರಯೋಜನ ಇದೆಯಾ ಅನ್ನುವುದು ನಮ್ಮ ಪ್ರಶ್ನೆ. ಬ್ರಿಟನ್ನಿನ ಹಳೆಯ ಕೆಲವು ಅಧ್ಯಯನಗಳಲ್ಲಿ ಗಂಟೆಯಿಂದ ಬೇಟೆ ಇಳಿದಿತ್ತು. ಎಕ್ಸೆಟರಿನವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಂಟೆ ಅಲುಗದಂತೆ ನಡೆಯಲು ಕೆಲವು ಬೆಕ್ಕುಗಳು ಕಲಿಯುತ್ತವೆ. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಗಾಢ ಬಣ್ಣದ ಬಟ್ಟೆಯ ಕೊರಳಪಟ್ಟಿ. ಬೆಕ್ಕು ತರುವ ಹಕ್ಕಿಗಳು 42% ಕಡಿಮೆಯಾದವು. ಹಕ್ಕಿಗಳ ಬಣ್ಣದ ದೃಷ್ಟಿ ನಮಗಿಂತ ಚುರುಕು, ದೂರದಿಂದಲೇ ಕೆಂಪು-ಹಳದಿ ಕಂಡು ಹಾರಿಬಿಡುತ್ತವೆ. ಇಲಿಗೆ ಬಣ್ಣ ಅಷ್ಟು ಕಾಣುವುದಿಲ್ಲ, ಹಾಗಾಗಿ ಇಲಿ ಹಿಡಿಯುವುದಕ್ಕೆ ಅಡ್ಡಿಯಿಲ್ಲ. ಭಟ್ಟಿಯವರಿಗೂ ಇದು ಒಪ್ಪುವ ಮಾತು, ಅಲ್ವಾ? ಟೈಲರ್ ಅಂಗಡಿಯ ಬಣ್ಣದ ತುಂಡು ಬಟ್ಟೆಯಲ್ಲೇ ಹೊಲಿಸಬಹುದು. ಆದರೆ ಬಟ್ಟೆಯ ಒಳಗೆ ಕೊರಳಿಗೆ ಕಟ್ಟುವ ಪಟ್ಟಿ ಜಗ್ಗಿದರೆ ತಾನಾಗಿ ಬಿಚ್ಚಿಕೊಳ್ಳುವಂಥದ್ದೇ ಇರಬೇಕು. ಸುತ್ತಲಿ ದಾರ, ಹಳೆ ಟೇಪು ಬಿಗಿದು ಕಟ್ಟಿದರೆ ಕೊಂಬೆಗೋ ಗ್ರಿಲ್ಲಿಗೋ ಸಿಕ್ಕಿ ಬೆಕ್ಕು ನೇತಾಡಿ ಸಾಯುತ್ತದೆ.

ಎಕ್ಸೆಟರಿನ ಅದೇ ಪ್ರಯೋಗದಲ್ಲಿ ದಿನಕ್ಕೆ ಐದ್ಹತ್ತು ನಿಮಿಷ ಬೆಕ್ಕಿನ ಜೊತೆ ಆಡಿದ ಮನೆಗಳಲ್ಲಿ ಬೇಟೆ 25% ಇಳಿಯಿತು. ದುಬಾರಿ ಆಟಿಕೆ ಬೇಡ. ಕಡ್ಡಿಗೆ ದಾರ, ದಾರದ ತುದಿಗೆ ಬಟ್ಟೆ ಚೂರು. ಸೋಫಾ ಮರೆಯಿಂದ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಹೊಂಚು, ಓಟ, ನೆಗೆತ ಎಲ್ಲ ಆದ ಮೇಲೆ ಕೊನೆಗೆ ಕಚ್ಚಲು ಬಿಡಿ, ಆಮೇಲೆ ಊಟ ಇಡಿ. ಲೇಸರ್ ಚುಕ್ಕೆ ತೋರಿಸಿ ಓಡಿಸುವುದರಲ್ಲಿ ಕಚ್ಚಲು ಏನೂ ಸಿಗುವುದಿಲ್ಲ, ಬೆಕ್ಕಿಗೆ ಸಿಟ್ಟು ಬರುತ್ತದೆ ಅಷ್ಟೇ.

ಎಲ್ಲಕ್ಕಿಂತ ಗಟ್ಟಿ ಉಪಾಯ ಬೆಕ್ಕನ್ನು ಒಳಗಿಡುವುದು. ಇಡೀ ದಿನ ಒಳಗಿಡಿ ಅಂದರೆ ನಮ್ಮಲ್ಲಿ ನಡೆಯುವ ಮಾತಲ್ಲ. ಏಪ್ರಿಲ್ ಬಿಸಿಲಿಗೆ ಕಿಟಕಿ-ಬಾಗಿಲು ಎಲ್ಲ ತೆಗೆದಿರುತ್ತೇವೆ, ಹಳೇ ಮಾಳಿಗೆ ಮನೆಯಾದರೆ ಬೆಳಕಿಂಡಿಯಿಂದಲೇ ಇಳಿದು ಹೋಗುತ್ತದೆ. ಆದರೆ ಹೊತ್ತು ನೋಡಿ ಒಳಗಿಡಬಹುದು. ರಾತ್ರಿ ಊಟ ಹಾಕಿ ಒಳಗೆ ಸೇರಿಸಿಕೊಂಡು, ಬೆಳಗ್ಗೆ ಎಂಟರ ತನಕ ಬಿಡದಿದ್ದರೆ ಸೊಂಡಿಲಿ, ಹಲ್ಲಿ ಉಳಿಯುತ್ತವೆ. ಹಕ್ಕಿಗಳು ನೆಲಕ್ಕಿಳಿದು ಮೇಯುವ ಮುಂಜಾನೆಯೂ ದಾಟುತ್ತದೆ. ಸಂಜೆ ಕತ್ತಲಾಗುವ ಮುಂಚಿನ ಒಂದು ಗಂಟೆ ಸೇರಿಸಿದರೆ ಇನ್ನೂ ಒಳ್ಳೆಯದು. ಗೂಡು-ಮರಿಗಳ ಕಾಲದಲ್ಲಿ, ಯುಗಾದಿಯಿಂದ ಮುಂಗಾರು ಹಿಡಿಯುವ ತನಕ, ಇಷ್ಟಾದರೂ ಪಾಲಿಸಬಹುದು.

ಬೇಸಿಗೆಯಲ್ಲಿ ಹಕ್ಕಿಗೆ ನೀರಿಡುವವರು ಬಟ್ಟಲನ್ನು ಗಿಡದ ಬುಡದಲ್ಲಿ ಇಡಬೇಡಿ. ಅದು ಬೆಕ್ಕಿಗೆ ಹೊಂಚಿನ ಜಾಗ. ಪೊದೆಯಿಂದ ಎರಡು ಮೀಟರಾದರೂ ದೂರ, ಸುತ್ತಲೂ ಬಯಲಾಗಿ ಕಾಣುವಲ್ಲಿ ಅಥವಾ ತಂತಿಯಿಂದ ತೂಗುಹಾಕಿ ಇಡಿ. ಮಂಡಕ್ಕಿ, ನುಚ್ಚು ಚೆಲ್ಲುವುದಿದ್ದರೂ ಹಾಗೇ.

ಇಷ್ಟೆಲ್ಲ ಆದ ಮೇಲೂ ಬೆಕ್ಕು ಒಂದು ದಿನ ಹಕ್ಕಿ ಕಚ್ಚಿಕೊಂಡು ಬರುತ್ತದೆ. ಬಿಡಿಸಿದಾಗ ಹಕ್ಕಿಗೆ ಗಾಯ ಕಾಣದಿರಬಹುದು, "ಪರವಾಗಿಲ್ಲ, ಹಾರಿ ಹೋಗಲಿ" ಅಂತ ಬಿಡಬೇಡಿ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ ತೂತು ಮಾಡುತ್ತದೆ, ಗರಿಯಡಿ ಕಾಣುವುದಿಲ್ಲ. ಅದರ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಹಕ್ಕಿ ಎರಡು-ಮೂರು ದಿನದೊಳಗೆ ಸಾಯುತ್ತದೆ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಹಳೇ ಬಟ್ಟೆ ಹಾಸಿ, ಹಕ್ಕಿಯನ್ನು ಇಟ್ಟು ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅದೇ ದಿನ ಪಶು ಆಸ್ಪತ್ರೆಗೆ ಒಯ್ದು "ಬೆಕ್ಕು ಹಿಡಿದಿತ್ತು" ಅಂತ ಹೇಳಿ, ಡಾಕ್ಟರು ಆಂಟಿಬಯೋಟಿಕ್ ನೋಡುತ್ತಾರೆ. ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ, ಚೇತರಿಸಿಕೊಳ್ಳಲು ದಿನ ಬೇಕಾದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಬೆಕ್ಕು ಮುಟ್ಟದೆ, ಸುಮ್ನೆ ನೆಲದಲ್ಲಿ ಕುಪ್ಪಳಿಸುತ್ತಿರುವ ಗರಿ ಬಂದ ಮರಿಯಾದರೆ ಆಸ್ಪತ್ರೆಯೂ ಬೇಡ, ಡಬ್ಬಿಯೂ ಬೇಡ. ಹತ್ತಿರದ ಪೊದೆಯಲ್ಲಿ ಎತ್ತರಕ್ಕೆ ಕೂರಿಸಿ, ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನುವುದು ಸುಳ್ಳು, ಬಂದೇ ಬರುತ್ತದೆ. ಎರಡು-ಮೂರು ದಿನ ಬೆಕ್ಕನ್ನು ಒಳಗೆ ಕೂಡಿಹಾಕಿ, ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ.